ಪಿಯುಸಿ ಕಾಂಬಿನೇಷನ್ ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ನಾನು ಹಲವು ವರ್ಷ ಕೂತಿದ್ದೇನೆ. ಅಪ್ಪ ಅರ್ಜಿ ತುಂಬುತ್ತಿರುತ್ತಾರೆ. ಅಮ್ಮನ ಕೈಯಲ್ಲಿ ಅಂಕಪಟ್ಟಿಯ ಜೆರಾಕ್ಸ್. ಮಗು ಮಾತಾಡುವುದಿಲ್ಲ. ಯಾವ ಕಾಂಬಿನೇಷನ್ ಎಂದು ಕೇಳಿದರೆ ಅಪ್ಪನೇ ಹೇಳುತ್ತಾರೆ, "ಪಿಸಿಎಂಬಿ ಕೊಡಿ ಸರ್, ಮೆಡಿಕಲ್, ಇಂಜಿನಿಯರಿಂಗ್ ಎರಡೂ ಕಡೆ ದಾರಿ ಇರುತ್ತೆ." ದಸರಾ ರಜೆ ಮುಗಿಯುವ ಹೊತ್ತಿಗೆ ಅದೇ ಮಗು ಸ್ಟಾಫ್ ರೂಮಿನ ಬಾಗಿಲಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಿಂತಿರುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಲೆಕ್ಕ ತಿಳಿದಿರಲಿ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಂದೊಂದಕ್ಕೆ 100ರಂತೆ ಒಟ್ಟು 600 ಅಂಕ. ಆ ನಾಲ್ಕು ಐಚ್ಛಿಕ ವಿಷಯಗಳ ಗುಂಪೇ ಕಾಂಬಿನೇಷನ್. ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪ್ರಥಮ ಪಿಯುಸಿಗೆ ಸೇರುವಾಗ ಆರಿಸಿದ್ದೇ ದ್ವಿತೀಯ ಪಿಯುಸಿಗೂ ಬರುತ್ತದೆ.

ಹೆಜ್ಜೆ 1: ವಿಭಾಗ. 90 ಬಂದರೆ ಸೈನ್ಸ್, 75 ಬಂದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್ ಎಂಬ ಲೆಕ್ಕ ಬಿಟ್ಟುಬಿಡಿ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಹೋಗಬಹುದು. ಯುಪಿಎಸ್‌ಸಿಗೆ ಯಾವ ಪದವಿಯಾದರೂ ಸಾಕು. ಸೈನ್ಸ್ ಓದಿದವರು ಬಿ.ಕಾಂ.ಗೆ ಹೋಗಬಹುದು, ಕಾಮರ್ಸ್ ಓದಿದವರು ಇಂಜಿನಿಯರಿಂಗ್‌ಗೆ ಹೋಗಲಾಗುವುದಿಲ್ಲ, ನಿಜ. ಆದರೆ ಅದೊಂದೇ ಕಾರಣಕ್ಕೆ, ಇಷ್ಟವಿಲ್ಲದ ಮಗುವನ್ನು ಎರಡು ವರ್ಷ ಭೌತಶಾಸ್ತ್ರದ ಲ್ಯಾಬಿನಲ್ಲಿ ನಿಲ್ಲಿಸಬೇಡಿ. ಕೈಕೆಲಸ ಇಷ್ಟಪಡುವ ಮಗುವಾದರೆ ಪಾಲಿಟೆಕ್ನಿಕ್ ಕೂಡ ನೋಡಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಸೇರಬಹುದು.

ಹೆಜ್ಜೆ 2: ನಾಲ್ಕನೇ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ. ಸೈನ್ಸ್‌ನಲ್ಲಿ ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದೇ ಇರುತ್ತವೆ. ಕೊನೆಯ ಅಕ್ಷರ ಬಿ (ಜೀವಶಾಸ್ತ್ರ), ಸಿ (ಕಂಪ್ಯೂಟರ್ ಸೈನ್ಸ್), ಇ (ಎಲೆಕ್ಟ್ರಾನಿಕ್ಸ್), ಎಸ್ (ಸಂಖ್ಯಾಶಾಸ್ತ್ರ) ಯಾವುದು ಎಂಬುದನ್ನು ಮನೆಯಲ್ಲಿ ಐದು ನಿಮಿಷವೂ ಮಾತಾಡಿರುವುದಿಲ್ಲ.

ಪಿಸಿಎಂಬಿ ತೆಗೆದುಕೊಳ್ಳುವ ಮೊದಲು ಪ್ರಶ್ನೆಪತ್ರಿಕೆಗಳನ್ನು ನೋಡಿ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ ಜೀವಶಾಸ್ತ್ರದ್ದು. ಗಣಿತದ್ದು ಒಂದೂ ಇಲ್ಲ. ಇಂಜಿನಿಯರಿಂಗ್ ಸೀಟಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಪ್ರಶ್ನೆ. ಆ ರ‍್ಯಾಂಕಿಗೆ ಜೀವಶಾಸ್ತ್ರ ಲೆಕ್ಕಕ್ಕಿಲ್ಲ. ಅಂದರೆ ಪಿಸಿಎಂಬಿ ಮಗು ನಾಲ್ಕು ದೊಡ್ಡ ವಿಷಯಗಳನ್ನು ಹೊತ್ತು ಓದುತ್ತದೆ, ಈ ಎರಡರಲ್ಲಿ ಯಾವ ಪರೀಕ್ಷೆಗೆ ಹೋದರೂ ಒಂದು ವಿಷಯದ ಶ್ರಮ ಹೊರಗೇ ಉಳಿಯುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟು ಹೊಳೆ ದಾಟುವ ಶಕ್ತಿ ಕೆಲವು ಮಕ್ಕಳಿಗೆ ಇರುತ್ತದೆ. ಗಣಿತ, ಜೀವಶಾಸ್ತ್ರ ಎರಡನ್ನೂ ಖುಷಿಯಿಂದ ಓದುವವರು ಅವರು. ಅಂಥವರು ಧಾರಾಳವಾಗಿ ತೆಗೆದುಕೊಳ್ಳಲಿ. ವೈದ್ಯಕೀಯ, ಪಶುವೈದ್ಯಕೀಯ, ಕೃಷಿ ಪದವಿ, ಬಿ.ಎಸ್ಸಿ. ನರ್ಸಿಂಗ್ ಕಡೆ ಮನಸ್ಸಿರುವವರಿಗೆ ಜೀವಶಾಸ್ತ್ರ ಬೇಕೇ ಬೇಕು. "ಸುಮ್ನೆ ಇರಲಿ" ಎಂದು ಮಾತ್ರ ತೆಗೆದುಕೊಳ್ಳಬೇಡಿ. ಡಾಕ್ಟರ್ ಆಗುವುದು ಗಟ್ಟಿ, ಗಣಿತ ಕಂಡರೆ ಭಯ ಎನ್ನುವ ಮಗುವಿಗೆ ಗಣಿತದ ಬದಲು ಗೃಹವಿಜ್ಞಾನ ಅಥವಾ ಮನಶ್ಶಾಸ್ತ್ರ ಕೊಡುವ ಕಾಲೇಜುಗಳು ಇವೆ. ಕೆಲವೇ ಕೆಲವು, ಹುಡುಕಬೇಕು. ಆಗ ಇಂಜಿನಿಯರಿಂಗ್ ದಾರಿ ಮುಚ್ಚುತ್ತದೆ ಎಂಬುದು ಗೊತ್ತಿರಲಿ.

ಇನ್ನು ಪಿಸಿಎಂಸಿ. "ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮಾಡಬೇಕು, ಪಿಯುಸಿಯಲ್ಲೂ ಅದೇ ಇರಬೇಕು ಅಲ್ವಾ?" ಎಂದು ಕೇಳುತ್ತಾರೆ. ಬೇಕಾಗಿಲ್ಲ. ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ರಸಾಯನಶಾಸ್ತ್ರ ಹೇಗೂ ಜೊತೆಗಿರುತ್ತದೆ. ನಾಲ್ಕನೆಯದು ಯಾವುದಾದರೂ ಬ್ರಾಂಚ್ ಸಿಗುವುದಕ್ಕೆ ಅಡ್ಡಿಯಿಲ್ಲ. ಪ್ರೋಗ್ರಾಂ ಬರೆಯುವುದು ನಿಜಕ್ಕೂ ಇಷ್ಟವಿದ್ದರೆ ಪಿಸಿಎಂಸಿ ಒಳ್ಳೆಯದು. ಮೊಬೈಲ್ ಜಾಸ್ತಿ ನೋಡುತ್ತಾನೆ ಎಂಬುದು ಆ ಇಷ್ಟದ ಗುರುತಲ್ಲ.

ಇಂಜಿನಿಯರಿಂಗ್ ಖಚಿತ ಎಂದಾದರೆ ನನ್ನ ಸಲಹೆ ಒಂದೇ: ಪಿಸಿಎಂಎಸ್ ಸಿಕ್ಕಿದರೆ ಬಿಡಬೇಡಿ. ಸಂಖ್ಯಾಶಾಸ್ತ್ರಕ್ಕೆ ಪ್ರತ್ಯೇಕ ಲ್ಯಾಬ್ ರೆಕಾರ್ಡ್ ಬರೆಯುವ ಹೊರೆ ಇಲ್ಲ. ಅಲ್ಲಿ ಕಲಿತ ಸಂಭವನೀಯತೆ ಗಣಿತದ ಪಾಠಕ್ಕೂ ಆಗಿಬರುತ್ತದೆ. ಮುಂದೆ ಡೇಟಾ, ಅರ್ಥಶಾಸ್ತ್ರ, ವಿಮೆ ಯಾವ ಕಡೆ ಹೋದರೂ ಉಪಯೋಗಕ್ಕೆ ಬರುತ್ತದೆ. ಪಿಸಿಎಂಇ ತೆಗೆದುಕೊಳ್ಳುವವರು ಎಲೆಕ್ಟ್ರಾನಿಕ್ಸ್‌ಗೆ ಪಾಠ ಮಾಡುವವರು ಕಾಲೇಜಿನಲ್ಲಿ ಇದ್ದಾರೆಯೇ ಎಂದು ಮೊದಲು ಕೇಳಿ.

ಕಾಮರ್ಸ್‌ನವರಿಗೂ ಇದೇ ಮಾತು. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಏನು ಎಂಬುದೇ ಪ್ರಶ್ನೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗುವ ಕನಸಿದ್ದರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳಿ. ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದೇ. ಹತ್ತನೇ ತರಗತಿಗೆ ಲೆಕ್ಕ ಬಿಟ್ಟು ಬಂದ ಮಕ್ಕಳು ಅಲ್ಲಿ ತುಂಬಾ ಕಷ್ಟಪಡುತ್ತಾರೆ. ಆರ್ಟ್ಸ್‌ನಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಎಲ್ಲ ಕಡೆ ಸಿಗುತ್ತದೆ. ಭೂಗೋಳ, ಮನಶ್ಶಾಸ್ತ್ರಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ, ಲ್ಯಾಬ್ ಇದೆಯೇ ಎಂದು ನೋಡಿ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಬರೆಯಿರಿ. ಒಂದು ಹಾಳೆಯ ಎಡಕ್ಕೆ ಮಗು ಹೇಳಿದ ಮೂರು ಕೆಲಸ, ಬಲಕ್ಕೆ ಅದಕ್ಕೆ ಬೇಕಾದ ವಿಷಯ. ಪೈಲಟ್ ಎಂದರೆ ಭೌತಶಾಸ್ತ್ರ, ಗಣಿತ. ಆರ್ಕಿಟೆಕ್ಟ್ ಎಂದರೂ ಅವೆರಡು. ಯಾವ ಕೋರ್ಸಿಗೆ ಯಾವ ವಿಷಯ ಎಂಬುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿರುವ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿದೆ. ಪಕ್ಕದ ಮನೆಯವರನ್ನು ಕೇಳುವ ಬದಲು ಅದನ್ನು ಓದಿ.

ಬೆರಳಚ್ಚು ಸ್ಕ್ಯಾನ್ ಮಾಡಿ ಮಗುವಿಗೆ ಯಾವ ಕೋರ್ಸ್ ಸರಿ ಎಂದು ಹೇಳುವವರು ಈಗ ಊರೂರಿಗೆ ಬರುತ್ತಿದ್ದಾರೆ. ಬಣ್ಣದ ರಿಪೋರ್ಟ್ ಕೊಟ್ಟು ಸಾವಿರಗಟ್ಟಲೆ ಹಣ ತೆಗೆದುಕೊಳ್ಳುತ್ತಾರೆ. ಬೆರಳ ಗೆರೆಗೂ ಓದುವ ಆಸಕ್ತಿಗೂ ಸಂಬಂಧವಿಲ್ಲ. ಆ ದುಡ್ಡಿಗೆ ಪುಸ್ತಕ ಕೊಡಿಸಿ.

ಹೆಜ್ಜೆ 3: ಒಂದು ವಾರ ಓದಿಸಿ ನೋಡಿ. ಇದು ಖರ್ಚಿಲ್ಲದ ಪರೀಕ್ಷೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳೇ ಇವೆ, ವೆಬ್‌ಸೈಟಿನಲ್ಲಿ ಉಚಿತ. 11ನೇ ತರಗತಿಯ ಗಣಿತದಿಂದ ತ್ರಿಕೋನಮಿತಿ, ಜೀವಶಾಸ್ತ್ರದಿಂದ ಜೀವಿಗಳ ವರ್ಗೀಕರಣ ತೆಗೆಯಿರಿ. ದಿನಕ್ಕೆ ಒಂದು ಗಂಟೆ. ಅರ್ಥವಾಯಿತೇ ಎಂದು ಕೇಳಬೇಡಿ, ಪಾಠವಿಲ್ಲದೆ ಪೂರ್ತಿ ಅರ್ಥವಾಗುವುದಿಲ್ಲ. ಮೂರನೇ ದಿನ ಹೇಳಿಸಿಕೊಳ್ಳದೆ ಮಗು ಯಾವ ಪುಸ್ತಕ ತೆರೆಯಿತು ಎಂಬುದನ್ನು ನೋಡಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಾರ ಇನ್ನೂ ಮುಖ್ಯ. ನಿನ್ನೆಯವರೆಗೆ ವೇಗೋತ್ಕರ್ಷ ಎಂದು ಓದಿದ್ದು ಈಗ ಆಕ್ಸಿಲರೇಷನ್ ಆಗುತ್ತದೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುತ್ತದೆ. ಅರಿವು ಇದೆ, ಹೆಸರು ಮಾತ್ರ ಹೊಸದು. ಎರಡೂ ಹೆಸರನ್ನು ಅಕ್ಕಪಕ್ಕ ಬರೆದ ಒಂದು ನೋಟ್‌ಬುಕ್ ರಜೆಯಲ್ಲೇ ಶುರುವಾಗಲಿ. ಇಂಗ್ಲಿಷಿಗೆ ಹೆದರಿ ಸೈನ್ಸ್ ಬಿಟ್ಟ ಜಾಣ ಮಕ್ಕಳನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ.

ಹೆಜ್ಜೆ 4: ಭಾಷೆ. ಅಂಕ ಬರುತ್ತದೆ ಎಂದು ಕನ್ನಡ ಬಿಟ್ಟು ಸಂಸ್ಕೃತಕ್ಕೆ ಹಾರುವವರು ಬಹಳ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಭಾಷೆಯ ಅಂಕ ಅದರಲ್ಲಿ ಸೇರುವುದೇ ಇಲ್ಲ. ಸಂಸ್ಕೃತ ಇಷ್ಟವಿದ್ದರೆ ಓದಲಿ. ಇಲ್ಲದಿದ್ದರೆ ಕನ್ನಡ ತೆಗೆದುಕೊಳ್ಳಿ.

ಹೆಜ್ಜೆ 5: ಕಾಲೇಜು. ಹೋರ್ಡಿಂಗ್ ನೋಡಬೇಡಿ, ಲ್ಯಾಬ್ ನೋಡಿ. ಭೌತಶಾಸ್ತ್ರಕ್ಕೆ 30 ಅಂಕ ಪ್ರಾಯೋಗಿಕದ್ದು, ರಸಾಯನ, ಜೀವಶಾಸ್ತ್ರಕ್ಕೂ ಅಷ್ಟೇ. ಉಪಕರಣದ ಮೇಲೆ ದೂಳು ಕೂತಿದ್ದರೆ ವಾಪಸ್ ಬನ್ನಿ. ಕಾಲೇಜು, ಕೋಚಿಂಗ್ ಎರಡೂ ಒಂದೇ ಫೀಸಿನಲ್ಲಿ ಎನ್ನುವ ಕಡೆ ಟೈಮ್‌ಟೇಬಲ್ ಕೇಳಿ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಪಾಠವಿದ್ದರೆ ಮಗು ತಾನಾಗಿ ಓದುವುದು ಯಾವಾಗ? ನನ್ನ ಪರಿಚಯದ ಹುಡುಗಿಯೊಬ್ಬಳು ಅಂಥ ಕಡೆ ಎರಡು ತಿಂಗಳು ಇದ್ದು ಬಿಟ್ಟು ಬಂದಳು. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಹೆಜ್ಜೆ 6: ಕಾಗದ. ಅಂಕಪಟ್ಟಿ, ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಟಿಸಿ ತರಲು ಹೈಸ್ಕೂಲಿಗೆ ಹೋದ ದಿನವೇ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರದ ಕೆಲಸವನ್ನೂ ಶುರು ಮಾಡಿ. 1ರಿಂದ 10ನೇ ತರಗತಿಯವರೆಗೆ ಹಾಗೆ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆ. ಎರಡು ವರ್ಷ ಬಿಟ್ಟು ಓಡಾಡಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತದೆ.

ಇಷ್ಟಾದರೂ ಆಯ್ಕೆ ತಪ್ಪಬಹುದು. ತರಗತಿ ಶುರುವಾದ ಮೊದಲ ಎರಡು ವಾರ ಮಗುವನ್ನು ದಿನವೂ ಕೇಳಿ, "ಇವತ್ತು ಯಾವ ಪಾಠ ಇಷ್ಟ ಆಯ್ತು?" ಯಾವುದೂ ಇಲ್ಲ ಎಂಬ ಉತ್ತರವೇ ಬರುತ್ತಿದ್ದರೆ ಮೊದಲ ಟೆಸ್ಟಿಗೆ ಕಾಯಬೇಡಿ. ಪ್ರಾಂಶುಪಾಲರಿಗೆ ಕಾಂಬಿನೇಷನ್ ಬದಲಾವಣೆಯ ಅರ್ಜಿ ಕೊಡಿ. ಬೇರೆ ವಿಭಾಗದಲ್ಲಿ ಸೀಟು ಖಾಲಿ ಇರುವುದು ಆಗಲೇ. ಅರ್ಜಿ ಕೊಡಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಕಾರಣವನ್ನು ಅದರ ಬಾಯಿಂದಲೇ ಹೇಳಿಸಿ.