ನಗರಗಳ ಮುಂದಿನ ಸ್ಥಾನವನ್ನು ಹಾಸನದಿಂದ ಅಂದಾಜಿಸಿದ ಬಗೆ: ನನ್ನ ಅನುಭವ

ಹಾಸನದ ಒಂದು ಸೌಹಾರ್ದ ಸಹಕಾರಿಯ ಆಡಳಿತ ಮಂಡಳಿಯು ತನ್ನ ಹೊಸ ಶಾಖೆಗಳ ಬಗ್ಗೆ ತೀರ್ಮಾನಿಸುವ ಮುನ್ನ, ದಕ್ಷಿಣ ಕರ್ನಾಟಕದ ದೊಡ್ಡ ಊರುಗಳಲ್ಲಿ ಯಾವುದು 2041ರ ಹೊತ್ತಿಗೆ ಯಾವ ಸ್ಥಾನದಲ್ಲಿರುತ್ತದೆ ಎಂದು ಬರೆದುಕೊಡುವಂತೆ ನನ್ನನ್ನು ಕೇಳಿತು. ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ಕೆಲಸ ಬಂದರೆ ಕೈ ತಾನಾಗಿಯೇ ಜನಗಣತಿಯ ಪುಸ್ತಕಗಳತ್ತ ಹೋಗುತ್ತದೆ. ಹಿಂದಿನ ಹತ್ತು ವರ್ಷಗಳ ಬೆಳವಣಿಗೆಯ ದರವನ್ನು ಹಿಡಿದು ಗೆರೆಯನ್ನು ಮುಂದಕ್ಕೆ ಎಳೆದರೆ ಒಂದು ಮಧ್ಯಾಹ್ನದಲ್ಲಿ ವರದಿ ಮುಗಿಯುತ್ತದೆ. ಆದರೆ ಅಧ್ಯಕ್ಷರು ಹೇಳಿದ ಒಂದು ಮಾತಿನಿಂದ ಕೆಲಸದ ದಿಕ್ಕು ಬೇರೆಯಾಯಿತು: “ಮೇಷ್ಟ್ರೇ, ಜನ ಎಷ್ಟಾಗ್ತಾರೆ ಅನ್ನೋದು ನಮಗೆ ಅಷ್ಟು ಮುಖ್ಯ ಅಲ್ಲ. ಸುತ್ತಮುತ್ತಲಿನವರು ದುಡ್ಡು ಹಿಡ್ಕೊಂಡು ಯಾವ ಊರಿಗೆ ಹೋಗ್ತಾರೆ, ಅದನ್ನ ಹೇಳಿ.”

ಹೀಗಾಗಿ ಮೊದಲು ಗಾತ್ರವನ್ನೂ ಸ್ಥಾನವನ್ನೂ ಬೇರೆ ಬೇರೆ ಕಾಲಮ್ಮುಗಳಲ್ಲಿ ಇಟ್ಟುಕೊಂಡೆ. ಊರಿನಲ್ಲಿ ಎಷ್ಟು ಮಂದಿ ಮಲಗುತ್ತಾರೆ ಎಂಬುದನ್ನು ಗಾತ್ರ ಎಂದುಕೊಂಡೆ. ಸುತ್ತಲಿನ ಎಷ್ಟು ದೊಡ್ಡ ಸೀಮೆಯ ಜನ ಆಸ್ಪತ್ರೆ, ಕಾಲೇಜು, ಮಂಡಿ, ಚಿನ್ನದ ಅಂಗಡಿ ಮತ್ತು ಕೋರ್ಟಿಗಾಗಿ ಆ ಊರನ್ನು ನೆಚ್ಚಿಕೊಂಡಿದ್ದಾರೆ ಎಂಬುದನ್ನು ಸ್ಥಾನ ಎಂದುಕೊಂಡೆ. ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಸಾಗುತ್ತವೆ, ಆದರೆ ಅವು ಬೇರ್ಪಡುವ ಕಡೆಯಲ್ಲಿಯೇ ಅಂದಾಜು ಮಾಡುವವನ ಕೆಲಸ ಇರುತ್ತದೆ.

ಅಂಕಿಗಳನ್ನು ಶುದ್ಧಗೊಳಿಸುವುದಕ್ಕೆ ಹಿಡಿದಷ್ಟು ಸಮಯ ಬೇರಾವುದಕ್ಕೂ ಹಿಡಿಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 2001ರಲ್ಲಿ ಸುಮಾರು 43 ಲಕ್ಷ. 2011ರಲ್ಲಿ ಬೃಹತ್ ಬೆಂಗಳೂರಿನದು 84 ಲಕ್ಷ. ಹತ್ತು ವರ್ಷಗಳಲ್ಲಿ ಊರು ಇಮ್ಮಡಿಯಾಯಿತು ಎಂದು ಬರೆದವರು ಅನೇಕರಿದ್ದಾರೆ. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದನ್ನು ಅವರು ಗಣಿಸಿರುವುದಿಲ್ಲ. ಗಡಿಯಾಚೆಗೂ ಹಬ್ಬಿದ ನಗರ ಸಮೂಹದ ಲೆಕ್ಕವನ್ನು ಹಿಡಿದರೆ ಅದೇ ಅವಧಿಯಲ್ಲಿ 57 ಲಕ್ಷದಿಂದ 85 ಲಕ್ಷಕ್ಕೆ ಏರಿದೆ. ಇದೂ ದೊಡ್ಡ ಏರಿಕೆಯೇ, ಆದರೆ ಇಮ್ಮಡಿಯಲ್ಲ. ಒಂದು ಹೊಸ ಮನೆಯೂ ಏಳದೆ ಸರ್ಕಾರದ ಅಧಿಸೂಚನೆಯೊಂದರಿಂದಲೇ ಊರು ಮೇಲಕ್ಕೆ ಜಿಗಿಯಬಲ್ಲದಾದ್ದರಿಂದ, ಪ್ರತಿಯೊಂದು ಊರಿಗೂ ಒಂದೇ ಭೂವಿಸ್ತಾರವನ್ನು ಗೊತ್ತು ಮಾಡಿಕೊಂಡು, ಹಿಂದಿನ ಗಣತಿಗಳ ಗ್ರಾಮವಾರು ಅಂಕಿಗಳನ್ನು ಆ ವಿಸ್ತಾರಕ್ಕೆ ಹೊಂದಿಸಿ ಕೂಡಿಸಿಕೊಂಡೆ. ಬೇಸರದ ಕೆಲಸ ಇದು, ಆದರೆ ಇದನ್ನು ಬಿಟ್ಟು ಮುಂದೆ ಹೋದ ಯಾವ ಅಂದಾಜನ್ನೂ ನಾನು ನಂಬುವುದಿಲ್ಲ.

ನಗರಗಳ ಶ್ರೇಯಾಂಕಕ್ಕೂ ಗಾತ್ರಕ್ಕೂ ಸಂಬಂಧ ಕಲ್ಪಿಸುವ, ಜಿಫ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವೊಂದಿದೆ: ಎರಡನೆಯ ಊರು ಮೊದಲನೆಯದರ ಅರ್ಧದಷ್ಟು, ಮೂರನೆಯದು ಮೂರನೇ ಒಂದರಷ್ಟು ಇರಬೇಕು. ಕರ್ನಾಟಕದಲ್ಲಿ ಈ ಸೂತ್ರ ಮೊದಲ ಮೆಟ್ಟಿಲಿನಲ್ಲಿಯೇ ಮುಗ್ಗರಿಸುತ್ತದೆ. 2011ರಲ್ಲಿ ಮೈಸೂರು ನಗರ ಸಮೂಹದ ಜನಸಂಖ್ಯೆ 9.9 ಲಕ್ಷ, ಎಂದರೆ ಬೆಂಗಳೂರಿನ ಎಂಟನೇ ಒಂದು ಭಾಗಕ್ಕೂ ಕಡಿಮೆ. ಮಾರ್ಕ್ ಜೆಫರ್ಸನ್ 1939ರಲ್ಲಿ ವಿವರಿಸಿದ, ಉಳಿದೆಲ್ಲವನ್ನೂ ಕುಬ್ಜಗೊಳಿಸುವ ಏಕೈಕ ಮಹಾನಗರದ ಮಾದರಿಯೇ ನಮಗೆ ಹೆಚ್ಚು ಹೊಂದುತ್ತದೆ. ಈ ಅಂತರ ಅನಾದಿಯದೇನಲ್ಲ: 1951ರಲ್ಲಿ ಬೆಂಗಳೂರಿಗೆ 7.8 ಲಕ್ಷ, ಮೈಸೂರಿಗೆ 2.4 ಲಕ್ಷ ಜನರಿದ್ದರು, ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅರುವತ್ತು ವರ್ಷ ಒಂದೇ ದಿಕ್ಕಿಗೆ ಸಾಗಿದ ಈ ಪ್ರವೃತ್ತಿಯು ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಿರುಗಿಬೀಳುತ್ತದೆ ಎನ್ನಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಆದ್ದರಿಂದ ಮೊದಲ ಸ್ಥಾನದ ಬಗ್ಗೆ ವರದಿಯಲ್ಲಿ ಒಂದೇ ಸಾಲು ಬರೆದು ಮುಂದಕ್ಕೆ ಹೋದೆ.

ಹೆಚ್ಚು ಪಾಠ ಸಿಕ್ಕಿದ್ದು ಹಿಂದಕ್ಕೆ ಹೋಗಿ ನಿಂತಾಗ. 1951ರಲ್ಲಿ ನಿಂತು, ಆಗ ಲಭ್ಯವಿದ್ದ ಮಾಹಿತಿಯಿಂದಷ್ಟೇ 2011ನ್ನು ಊಹಿಸಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಮಾಡಿದೆ. ಆಗ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಹಳೆಯ ಮೈಸೂರು ರಾಜ್ಯದಲ್ಲಿ ಬೆಂಗಳೂರು, ಮೈಸೂರುಗಳ ನಂತರದ ಊರು ಅದೇ, ಮತ್ತು ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿಯೇ ಕಂಡದ್ದು. ದಾವಣಗೆರೆಯ ಜನಸಂಖ್ಯೆ ಆಗ ಅದರ ಅರ್ಧವೂ ಇರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. 2011ರ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಹೆಚ್ಚುಕಡಿಮೆ 1951ರಷ್ಟೇ ಇದೆ, ಆದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಊರಾಗಿ. ಗಾತ್ರ ಉಳಿದುಕೊಂಡು ಸ್ಥಾನ ಕಳೆದುಹೋಗುವುದೆಂದರೆ ಇದು. ದಾವಣಗೆರೆಯ ಹತ್ತಿ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು, ಆದರೂ ಊರು 2011ಕ್ಕೆ 4.3 ಲಕ್ಷ ದಾಟಿತು. ಗಿರಣಿಗಳ ಜೊತೆಗೆ ಅಲ್ಲಿ ಸಗಟು ಮಂಡಿ ಇತ್ತು, ಹೆದ್ದಾರಿಯಿತ್ತು, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿತ್ತು, ಒಂದು ಕಾಲು ಮುರಿದರೂ ನಿಲ್ಲುವಷ್ಟು ಕಾಲುಗಳಿದ್ದವು. ಇದೇ ದೃಷ್ಟಿಯಿಂದ ನಮ್ಮ ಸೀಮೆಯ ಅಂಚನ್ನು ನೋಡಿದರೆ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಬೆಳೆದ ಭದ್ರಾವತಿಯ ಜನಸಂಖ್ಯೆಯು 2001ರಿಂದ 2011ರ ನಡುವೆ ಇಳಿದಿದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಗಣಿಗಾರಿಕೆಯು 2005ರ ಕೊನೆಗೆ ನಿಂತ ಮೇಲೆ ಪಟ್ಟಣವೇ ಬರಿದಾಗಿದೆ.

ಈ ಹಿಂದಿನ ಲೆಕ್ಕದಿಂದ ನನ್ನ ಮುಖ್ಯ ನಿಯಮ ಹೊರಬಿತ್ತು: ಒಂದೇ ಅನ್ನದಾತನನ್ನು, ಎಂದರೆ ಒಂದೇ ಗಣಿಯನ್ನೋ ಕಾರ್ಖಾನೆಯನ್ನೋ ನೆಚ್ಚಿದ ಊರಿಗೆ ಸ್ಥಾನದ ಲೆಕ್ಕದಲ್ಲಿ ಕೊಡುವ ಅಂಕವನ್ನು, ಅದು ಈಗ ಎಷ್ಟೇ ವೇಗವಾಗಿ ಬೆಳೆಯುತ್ತಿರಲಿ, ತಗ್ಗಿಸಬೇಕು. ರೈಲು ಜಂಕ್ಷನ್ನಿಗೂ ಅತಿಯಾದ ಅಂಕ ಕೊಡಬಾರದೆಂಬುದನ್ನು ಅರಸೀಕೆರೆ ತೋರಿಸುತ್ತದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರಿನ ಮಾರ್ಗ ಕೂಡುವ ಆ ಊರು ಇಷ್ಟು ವರ್ಷಗಳ ಮೇಲೂ ಐವತ್ತು ಸಾವಿರ ಚಿಲ್ಲರೆ ಜನರ ಪಟ್ಟಣವಾಗಿಯೇ ಉಳಿದಿದೆ. ರೈಲು ಬದಲಿಸುವವರು ಅಲ್ಲಿ ಕಾಫಿ ಕುಡಿಯುತ್ತಾರೆ, ವ್ಯಾಪಾರ ಮಾಡುವುದಿಲ್ಲ.

ಸ್ಥಾನವನ್ನು ಅಳೆಯಲು ವಿಲಿಯಂ ರೈಲಿ 1931ರಲ್ಲಿ ಪ್ರಕಟಿಸಿದ ಸೂತ್ರವನ್ನು ಬಳಸಿದೆ. ಊರಿನ ಸೆಳೆತವು ಅದರ ಜನಸಂಖ್ಯೆಗೆ ಅನುಗುಣವಾಗಿ ಹೆಚ್ಚುತ್ತದೆ, ದೂರದ ವರ್ಗಕ್ಕೆ (ದೂರವನ್ನು ದೂರದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಕುಗ್ಗುತ್ತದೆ. 2011ರ ಪ್ರಕಾರ ಹಾಸನಕ್ಕೆ 1.33 ಲಕ್ಷ, ಚಿಕ್ಕಮಗಳೂರಿಗೆ 1.18 ಲಕ್ಷ. ಬೇಲೂರಿನ ಮೇಲೆ ಹಾಯುವ ದಾರಿಯನ್ನು 65 ಕಿಲೋಮೀಟರ್ ಎಂದಿಟ್ಟುಕೊಂಡರೆ ಎರಡೂ ಸೆಳೆತಗಳು ಸಮವಾಗುವ ಜಾಗವು ಚಿಕ್ಕಮಗಳೂರಿನಿಂದ ಸುಮಾರು 31 ಕಿಲೋಮೀಟರಿಗೆ ಬರುತ್ತದೆ. ಬೇಲೂರು ಚಿಕ್ಕಮಗಳೂರಿನಿಂದ 25 ಕಿಲೋಮೀಟರ್ ಆಸುಪಾಸಿನಲ್ಲಿರುವುದರಿಂದ, ಹಾಸನ ಜಿಲ್ಲೆಯ ತಾಲ್ಲೂಕಾಗಿದ್ದರೂ ಸೂತ್ರದ ಪ್ರಕಾರ ಅದು ಚಿಕ್ಕಮಗಳೂರಿನ ಪಾಲು. ಬೇಲೂರು ಬಸ್ ನಿಲ್ದಾಣದಲ್ಲಿ ಕುಳಿತು ವಿಚಾರಿಸಿದಾಗ ಸಿಕ್ಕ ಉತ್ತರ ಸೂತ್ರಕ್ಕಿಂತ ಸ್ವಾರಸ್ಯಕರವಾಗಿತ್ತು. ಬಟ್ಟೆಬರೆಗೆ ಚಿಕ್ಕಮಗಳೂರು, ಡಿ.ಸಿ. ಕಚೇರಿಗೂ ದೊಡ್ಡಾಸ್ಪತ್ರೆಗೂ ಹಾಸನ, ಹೃದಯಕ್ಕೋ ಕ್ಯಾನ್ಸರಿಗೋ ಎಂದಾದರೆ ನೇರವಾಗಿ ಬೆಂಗಳೂರು ಅಥವಾ ಮಂಗಳೂರು. ಮೇಲಿನ ದರ್ಜೆಯ ಸೇವೆಗಳು ನಡುವಿನ ಊರುಗಳನ್ನು ಹಾರಿ ಹೋಗುತ್ತಿರುವುದನ್ನು ಯಾವ ಜನಗಣತಿಯೂ ಹೇಳುವುದಿಲ್ಲ. ಆದ್ದರಿಂದ ಸೇವೆಗಳನ್ನು ದರ್ಜೆವಾರು ಬಿಡಿಸಿ, ಪ್ರತಿ ದರ್ಜೆಗೂ ಬೇರೆ ಗಡಿಯ ನಕ್ಷೆಯನ್ನು ಬರೆದೆ.

ಗಣತಿಯ ನಂತರದ ವರ್ಷಗಳನ್ನು ತುಂಬಿಕೊಳ್ಳಲು ವಿದ್ಯುತ್ ಸಂಪರ್ಕಗಳ ಸಂಖ್ಯೆಯನ್ನೂ ಉಪಗ್ರಹವು ಸೆರೆಹಿಡಿಯುವ ರಾತ್ರಿ ಬೆಳಕಿನ ಚಿತ್ರಗಳನ್ನೂ ನೋಡಿದೆ. ಹಾಸನ ಸೆಸ್ಕ್ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಯಲ್ಲಿದೆ, ಚಿಕ್ಕಮಗಳೂರು ಮೆಸ್ಕಾಂ ಎಂಬ ಬೇರೆ ಕಂಪನಿಯ ವ್ಯಾಪ್ತಿಯಲ್ಲಿದೆ, ಹಾಗಾಗಿ ಎರಡರ ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡುವಂತಿಲ್ಲ. ರಾತ್ರಿ ಬೆಳಕಂತೂ ಹೋಂಸ್ಟೇಗಳ ಸೀಮೆಯಲ್ಲಿ ಪ್ರವಾಸಿಗರನ್ನೂ ಊರವರೆಂದು ಎಣಿಸಿಬಿಡುತ್ತದೆ. ದಿಕ್ಕು ತಿಳಿಯಲು ಇವು ಸಾಕು, ಅಳತೆಗೆ ಸಾಲವು.

ಚಿಕ್ಕಮಗಳೂರಿನ ಬಗ್ಗೆ ಮಂಡಳಿಯಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. 2001 ಮತ್ತು 2011ರ ನಡುವೆ ರಾಜ್ಯದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ಅದೊಂದೇ, 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಹಾಸನ ಜಿಲ್ಲೆಯೂ ಶೇಕಡಾ ಮೂರರ ಆಚೀಚೆಯಷ್ಟೇ ಬೆಳೆದಿದೆ. ಜಿಲ್ಲೆ ಕುಗ್ಗುತ್ತಿದ್ದರೆ ಕೇಂದ್ರ ಪಟ್ಟಣವೂ ಕುಗ್ಗುತ್ತದೆ ಎಂಬುದು ನಿರ್ದೇಶಕರೊಬ್ಬರ ವಾದವಾಗಿತ್ತು. ಆದರೆ ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ನಗರ ಒಂದು ಲಕ್ಷದ ಆಸುಪಾಸಿನಿಂದ 1.18 ಲಕ್ಷಕ್ಕೆ ಏರಿತ್ತು, ಏಕೆಂದರೆ ತೋಟದ ಸೀಮೆಯಿಂದ ಹೊರಟವರೆಲ್ಲ ಬೆಂಗಳೂರಿಗೇ ಹೋಗುವುದಿಲ್ಲ. ಆದರೂ ನನ್ನ ಅಂದಾಜಿನಲ್ಲಿ ಹಾಸನವೇ ಮೇಲೆ ನಿಂತಿತು. ಹಾಸನಕ್ಕೆ ಬೆಂಗಳೂರು, ಮಂಗಳೂರು, ಮೈಸೂರು ಈ ಮೂರು ಊರುಗಳೂ ನೂರು ಕಿಲೋಮೀಟರಿಗಿಂತ ದೂರ. ಅದರ ಸೀಮೆಯನ್ನು ನುಂಗುವ ನೆರೆಹೊರೆಯಿಲ್ಲ. ವೈದ್ಯಕೀಯ ಕಾಲೇಜು, 1960ರ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಜವಳಿ ಕಾರ್ಖಾನೆಗಳು, ಆಲೂಗಡ್ಡೆ ಮಾರುಕಟ್ಟೆ, ಹೀಗೆ ಒಂದನ್ನೊಂದು ಅವಲಂಬಿಸದ ಆಧಾರಗಳು ಇಲ್ಲಿವೆ. ಚಿಕ್ಕಮಗಳೂರಿನ ಕಾಫಿ ಮತ್ತು ಪ್ರವಾಸೋದ್ಯಮಗಳು ಎರಡೆಂದು ಕಂಡರೂ ಒಂದೇ ಮಳೆಯನ್ನು, ಒಂದೇ ಗುಡ್ಡಸಾಲನ್ನು ನೆಚ್ಚಿವೆ. ಅತಿವೃಷ್ಟಿಯಾಗಿ ಘಾಟಿಯಲ್ಲಿ ಮಣ್ಣು ಕುಸಿದ ವರ್ಷ ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ. ಕಡೂರಿನಿಂದ 2013ರಲ್ಲಿ ರೈಲು ಬಂದದ್ದಕ್ಕೆ ನಾನು ಕೊಟ್ಟ ಅಂಕ ಕಡಿಮೆ. ಬೇಲೂರಿನ ಮೇಲೆ ಹಾಸನಕ್ಕೆ ಕೂಡುವ ಮಾರ್ಗ ಮುಗಿದರೆ ಅದನ್ನು ಹೆಚ್ಚಿಸಬೇಕಾಗುತ್ತದೆ ಎಂದು ಟಿಪ್ಪಣಿ ಬರೆದಿದ್ದೇನೆ.

ಗಾತ್ರ ಮತ್ತು ಸ್ಥಾನಗಳು ಪೂರ್ತಿ ಬೇರೆಯಾದದ್ದು ತುಮಕೂರು–ಶಿವಮೊಗ್ಗಗಳ ನಡುವೆ. 2011ರಲ್ಲಿ ಎರಡೂ ಮೂರು ಲಕ್ಷ ದಾಟಿದ್ದವು, ಶಿವಮೊಗ್ಗ ತುಸು ಮುಂದಿತ್ತು. ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ, ಬೆಂಗಳೂರಿಗೆ ಬರೀ 70 ಕಿಲೋಮೀಟರ್ ದೂರ, ಇವೆಲ್ಲ ಸೇರಿ ತುಮಕೂರು ಜನಸಂಖ್ಯೆಯಲ್ಲಿ ಶಿವಮೊಗ್ಗವನ್ನು ಹಿಂದೆ ಹಾಕುತ್ತದೆ ಎಂದು ಬರೆದೆ. ನೀರಿನ ಕೊರತೆ ಅದನ್ನು ತಡೆಯುತ್ತದೆಯೇ ಎಂದು ಕೇಳಿದವರಿಗೆ ನೆನಪಿಸಿದ್ದು, ಗೊರೂರಿನಿಂದ ಹೊರಟ ನಮ್ಮ ಹೇಮಾವತಿಯೇ ಬುಗುಡನಹಳ್ಳಿ ಕೆರೆಯ ಮೂಲಕ ತುಮಕೂರಿನ ನಲ್ಲಿಗಳಿಗೆ ಹೋಗುತ್ತಿದೆ ಎಂಬುದನ್ನು. ಆದರೆ ಸ್ಥಾನದ ಪಟ್ಟಿಯಲ್ಲಿ ಶಿವಮೊಗ್ಗವನ್ನೇ ಮೇಲಿಟ್ಟೆ. ತುಮಕೂರಿನವರ ದೊಡ್ಡ ಖರ್ಚು ಬೆಂಗಳೂರಿಗೆ ಹರಿಯುತ್ತದೆ. ಸಾಗರ, ತೀರ್ಥಹಳ್ಳಿ, ಶಿಕಾರಿಪುರಗಳ ಅಡಿಕೆಯ ಹಣ ಶಿವಮೊಗ್ಗದಲ್ಲಿ ನಿಲ್ಲುತ್ತದೆ. ಠೇವಣಿ ಬೇಕಿದ್ದ ಸಹಕಾರಿಗೆ ಇದೇ ಮುಖ್ಯ ವಿಷಯವಾಗಿತ್ತು, ಮತ್ತು ಮಂಡಳಿಯು ಮೊದಲ ಹೊಸ ಶಾಖೆಯನ್ನು ಶಿವಮೊಗ್ಗದಲ್ಲಿ ತೆರೆಯಲು ಒಪ್ಪಿತು.

ವರದಿಯಲ್ಲಿ ಯಾವ ಊರಿಗೂ ಒಂಟಿ ಅಂಕಿಯನ್ನು ಕೊಡಲಿಲ್ಲ. ಕೆಳಮಿತಿ, ಮೇಲ್ಮಿತಿ, ಮತ್ತು ಅಂದಾಜು ಯಾವ ಸಂದರ್ಭದಲ್ಲಿ ಸುಳ್ಳಾಗುತ್ತದೆ ಎಂಬ ಷರತ್ತು, ಈ ಮೂರನ್ನು ಕೊಟ್ಟೆ. 2021ರಲ್ಲಿ ಆಗಬೇಕಿದ್ದ ಗಣತಿಗೆ ಈಗ 2027ರ ಮಾರ್ಚ್ 1ನ್ನು ಗೊತ್ತುಮಾಡಿದ್ದಾರೆ. ಅದರ ಊರುವಾರು ಅಂಕಿಗಳು ಹೊರಬಂದಾಗ, ನಾನು ಗೊತ್ತು ಮಾಡಿಕೊಂಡ ಅದೇ ಭೂವಿಸ್ತಾರದಲ್ಲಿ ತುಮಕೂರು ಶಿವಮೊಗ್ಗವನ್ನು ದಾಟಿರದಿದ್ದರೆ, ಬೆಂಗಳೂರಿನ ಸಾಮೀಪ್ಯಕ್ಕೆ ಕೊಟ್ಟ ಅಂಕವನ್ನು ಇಳಿಸಬೇಕು. ಚಿಕ್ಕಮಗಳೂರು ನಗರದ ಬೆಳವಣಿಗೆಯ ದರ ಹಾಸನದ ದರಕ್ಕಿಂತ ಹೆಚ್ಚಿದ್ದರೆ, ಪ್ರವಾಸೋದ್ಯಮವನ್ನು ಕಾಫಿಯಿಂದ ಬೇರೆಯಾದ ಆಧಾರವೆಂದು ಎಣಿಸಿ ಇಡೀ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಈ ಎರಡು ಷರತ್ತುಗಳನ್ನು ಮಂಡಳಿಯ ನಡಾವಳಿ ಪುಸ್ತಕದಲ್ಲಿಯೇ ಬರೆಸಿದ್ದೇನೆ.