ಹಿಮಗಾಲದ ಡೇರೆಗೆ ಕಟ್ಟಿಗೆ ಒಲೆ: ಆಯ್ದುಕೊಳ್ಳುವುದು ಹೇಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಲ್ಲಿ, ಕೆನಡಾ ಗಡಿಗೆ ತಾಗಿಕೊಂಡಿರುವ ಬೌಂಡರಿ ವಾಟರ್ಸ್ ಸರೋವರ ಪ್ರದೇಶದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುವುದುಂಟು. ಹೆಪ್ಪುಗಟ್ಟಿದ ಸರೋವರಗಳ ಮೇಲೆ ಸಾಮಾನಿನ ಜಾರುಬಂಡಿ ಎಳೆದುಕೊಂಡು ಹೋಗಿ ಅಲ್ಲಿ ತಂಗುವವರು ಡೇರೆಯೊಳಗೇ ಸಣ್ಣದೊಂದು ಲೋಹದ ಒಲೆ ಉರಿಸುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರಲ್ಲಿಯೂ ಈ ಹವ್ಯಾಸ ಹಿಡಿದವರಿದ್ದಾರೆ. ಹೊಸಬರು ಒಲೆಯ ತೂಕ, ಬೆಲೆಗಳನ್ನಷ್ಟೇ ಅಳೆದು ನೋಡಿ ಹೊಗೆಕೊಳವೆಯ ಯೋಚನೆಯನ್ನು ಕೊನೆಗೆ ಬಿಡುವುದನ್ನು ಮತ್ತೆ ಮತ್ತೆ ಕಂಡದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಡೇರೆಯನ್ನು ನೋಡಿ. ಕೊಳವೆ ಹೊರಹೋಗುವ ಕಡೆ ಶಾಖ ತಡೆಯುವ ಬಟ್ಟೆಯ ತೂತುಪಟ್ಟಿ ಇಲ್ಲದ ಡೇರೆಯಲ್ಲಿ ಒಲೆ ಹಚ್ಚಲೇಬಾರದು. ನೈಲಾನ್, ಪಾಲಿಯೆಸ್ಟರ್‌ಗಳು ಬಿಸಿ ಕೊಳವೆ ತಾಗಿದೊಡನೆ ಕರಗುತ್ತವೆ.

ಎರಡನೆಯದು ಒಲೆಯ ಪೆಟ್ಟಿಗೆ. ಬೆನ್ನ ಮೇಲೆ ಹೊರುವವರಿಗೆ ಟೈಟಾನಿಯಂ ಸರಿ. ಜಾರುಬಂಡಿ ಇರುವವರು ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೊಳ್ಳಬೇಕು. ತೂಕ ಹೆಚ್ಚಾದರೂ ಅದರ ದಪ್ಪ ತಗಡು ಬೇಗ ಸೊಟ್ಟಗಾಗುವುದಿಲ್ಲ. ಒಳಗಿನ ಉದ್ದ 40 ಸೆಂಟಿಮೀಟರ್ ಆದರೂ ಇರಲಿ, ಇಲ್ಲವಾದರೆ ಸಂಜೆಯೆಲ್ಲ ಕಟ್ಟಿಗೆ ಕೊಯ್ಯುವುದರಲ್ಲೇ ಕಳೆಯುತ್ತದೆ. ರಾತ್ರಿಯಿಡೀ ಉರಿಯುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಇಷ್ಟು ಚಿಕ್ಕ ಒಲೆಗೆ ಆಗಾಗ ಕಟ್ಟಿಗೆ ಒಡ್ಡುತ್ತಲೇ ಇರಬೇಕಾಗುತ್ತದೆ.

ಇನ್ನು ಹೊಗೆಕೊಳವೆ. ಬಿಸಿ ಹೊಗೆ ಮೇಲೇರುವಾಗ ಒಲೆಯ ಬಾಗಿಲ ಕಡೆಯಿಂದ ಹೊಸ ಗಾಳಿಯನ್ನು ಒಳಗೆಳೆಯುವುದರಿಂದಲೇ ಒಲೆ ಉರಿಯುತ್ತದೆ. ಕೊಳವೆ ಗಿಡ್ಡವಾದರೆ ಈ ಸೆಳೆತ ಸಾಲದೆ ಹೊಗೆ ಡೇರೆಯೊಳಕ್ಕೆ ತಿರುಗುತ್ತದೆ. ಕೊಳವೆಯ ತುದಿ ಡೇರೆಯ ನೆತ್ತಿಗಿಂತ ಮೇಲಿರಲೇಬೇಕು, ಏಕೆಂದರೆ ನೆತ್ತಿಯನ್ನು ದಾಟಿ ಕೆಳಗೆ ಮಗುಚುವ ಗಾಳಿ ಗಿಡ್ಡ ಕೊಳವೆಯ ಹೊಗೆಯನ್ನು ಹಿಂದಕ್ಕೆ ಒತ್ತುತ್ತದೆ. ಆದ್ದರಿಂದ ಒಲೆ ಕೊಳ್ಳುವ ಮೊದಲು ಡೇರೆಯ ಎತ್ತರ ಅಳೆದಿಟ್ಟುಕೊಳ್ಳಿ. ತುಂಡುಗಳನ್ನು ಜೋಡಿಸುವ ಕೊಳವೆಯಾದರೆ ಮೇಲಿನ ತುಂಡಿನ ಕಿರಿದಾದ ಬಾಯಿ ಕೆಳಗಿನದರೊಳಗೆ ಇಳಿಯುವಂತಿರಬೇಕು. ಹಾಗಿದ್ದರೆ ಹಸಿ ಕಟ್ಟಿಗೆಯ ಹೊಗೆ ತಣಿದು ಕಟ್ಟುವ ಕಪ್ಪು ಅಂಟು ಹೊರಗೆ ಸೋರದೆ ಬೆಂಕಿಗೇ ಮರಳುತ್ತದೆ. ಹಾಳೆಯಂತೆ ಸುತ್ತಿ ಮಾಡುವ ಟೈಟಾನಿಯಂ ಕೊಳವೆ ಹಗುರ, ಆದರೆ ಅದರ ಅಂಚು ಬೆರಳು ಕೊಯ್ಯುವಷ್ಟು ಹರಿತ. ಮೊದಲ ಸಲ ಮನೆಯಲ್ಲಿಯೇ, ಕೈಗವಸು ತೊಟ್ಟು, ಇನ್ನೊಬ್ಬರ ನೆರವಿನಿಂದ ಸುತ್ತಿ. ತುದಿಯಲ್ಲಿ ಕಿಡಿ ತಡೆಯುವ ಜಾಲರಿ ಬೇಕು. ಅದು ತೀರ ಸಣ್ಣ ಕಣ್ಣಿನದಾದರೆ ಮಸಿ ತುಂಬಿ ದಾರಿ ಮುಚ್ಚುತ್ತದೆ; ದಿನವೂ ತಟ್ಟಿ ಸ್ವಚ್ಛಗೊಳಿಸಿ. ಗಾಳಿ ತಗ್ಗಿಸುವ ಬಿಲ್ಲೆ ಕೊಳವೆಯನ್ನು ಪೂರ್ತಿ ಮುಚ್ಚುವಂತಿದ್ದರೆ ಆ ಒಲೆಯನ್ನು ಅಂಗಡಿಯಲ್ಲೇ ಬಿಟ್ಟುಬಿಡಿ. ಹಣ ಉಳಿಸಲು ಜಿ.ಐ. ಪೈಪು ಜೋಡಿಸುವ ಅಡ್ಡದಾರಿ ಇನ್ನೂ ಕೆಟ್ಟದ್ದು: ಅದರ ಸತುವಿನ ಲೇಪ ಸುಮಾರು 419 ಡಿಗ್ರಿಗೇ ಕರಗುತ್ತದೆ, ಅತಿಯಾಗಿ ಕಾದಾಗ ಏಳುವ ಅದರ ಹೊಗೆ ಜ್ವರ ತರಿಸುತ್ತದೆ.

ಹೊಸ ಒಲೆಯನ್ನು ಒಮ್ಮೆ ಬಯಲಿನಲ್ಲಿ ಚೆನ್ನಾಗಿ ಉರಿಸಿ, ಎಣ್ಣೆಯ ವಾಸನೆ ಹೋಗಲಿ. ಹಿಮದ ಮೇಲೆ ಕಾಲುಗಳು ಹೂತು ಒಲೆ ವಾಲದಂತೆ ಕೆಳಗೆ ದಪ್ಪ ದಿಮ್ಮಿಗಳನ್ನು ಹಾಸಿ.

ಕಟ್ಟಿಗೆ ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಒಲೆಯ ಜೊತೆಗೇ ಕೊಳ್ಳಬೇಕಾದ ವಸ್ತು. ಮನೆಗಳಿಗೆಂದು ತಯಾರಾದ ಹಲವು ಅಲಾರಂಗಳು 4 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೆಲಸ ಮಾಡುವ ಭರವಸೆ ಕೊಡುವುದಿಲ್ಲ; ಪೆಟ್ಟಿಗೆಯ ಮೇಲಿನ ಉಷ್ಣಾಂಶದ ಮಿತಿಯನ್ನು ಓದಿಯೇ ಆರಿಸಿ, ಚಳಿಗೆ ಬೇಗ ಸೋಲದ ಲಿಥಿಯಂ ಬ್ಯಾಟರಿ ಹಾಕಿ, ಮಲಗಿದಾಗ ತಲೆಯಿರುವ ಮಟ್ಟದಲ್ಲಿ ಇಟ್ಟುಕೊಳ್ಳಿ. ಅಲಾರಂ ಇದ್ದರೂ ಡೇರೆಯ ಗಾಳಿಕಿಂಡಿಗಳನ್ನು ಮುಚ್ಚಬೇಡಿ, ಮಲಗುವ ಮೊದಲು ಒಲೆ ಪೂರ್ತಿ ಆರಲು ಬಿಡಿ.