ಮುಖ ಬಿಡಿ, ಕಾಲಬುಡ ನೋಡಿ

ಜರ್ಮನಿಯ ಡ್ರೆಸ್ಡೆನ್‌ಗೆ ಕೆಲಸಕ್ಕೆ ಬಂದವರಿಗೆ ಪಿಂಗಾಣಿಯ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ. ಮೈಸನ್ ಊರು ಇಲ್ಲೇ ಹತ್ತಿರ. ಚೀನಾದವರಂತೆ ಗಟ್ಟಿ ಪಿಂಗಾಣಿ ಮಾಡುವ ಯುರೋಪಿನ ಮೊದಲ ಕಾರ್ಖಾನೆ 1710ರಲ್ಲಿ ಶುರುವಾಗಿದ್ದು ಅಲ್ಲಿ. 1731ರಲ್ಲಿ ಅಲ್ಲಿಗೆ ಸೇರಿದ ಕೆಂಡ್ಲರ್ ಎಂಬ ಶಿಲ್ಪಿ ಮತ್ತು ಅವನ ಜೊತೆಯವರು ಗ್ರೀಕ್, ರೋಮನ್ ದೇವತೆಗಳನ್ನು ಶ್ರೀಮಂತರ ಊಟದ ಮೇಜಿನ ಮೇಲೆ ತಂದು ನಿಲ್ಲಿಸಿದರು. ಆ ಗೊಂಬೆಗಳು, ಅವುಗಳ ನಕಲುಗಳು, ನಕಲಿನ ನಕಲುಗಳು ಈಗಲೂ ಎಲ್ಬೆ ನದಿ ದಂಡೆಯ ಶನಿವಾರದ ಹಳೇ ಸಾಮಾನಿನ ಸಂತೆಗೆ ಬರುತ್ತವೆ.

ಮುಖ ನೋಡಿ ಯಾರೆಂದು ಹೇಳೋಕಾಗಲ್ಲ. ಎಲ್ಲರಿಗೂ ಅದೇ ಕೆಂಪು ಕೆನ್ನೆ, ಅದೇ ಪುಟ್ಟ ಬಾಯಿ. ಆಯುಧ, ವಾಹನ ನೋಡಿ ದೇವರನ್ನು ಗುರುತಿಸುವುದು ನಮಗೆ ದೇವಸ್ಥಾನದಲ್ಲೇ ರೂಢಿಯಾಗಿರುತ್ತದೆ, ಅಲ್ವಾ? ಇಲ್ಲೂ ಅದೇ ಉಪಾಯ, ಲೆಕ್ಕ ಮಾತ್ರ ಬೇರೆ. ನವಿಲಿದ್ದರೆ ಜೂನೋ. ಹದ್ದಿದ್ದರೆ ಜುಪಿಟರ್. ಸಿಂಹ ಇದ್ದು ತಲೆಯ ಮೇಲೆ ಕೋಟೆಯಂಥ ಕಿರೀಟವಿದ್ದರೆ ಸಿಬೆಲಿ. ಬಿಲ್ಲು ಹಿಡಿದವಳೆಲ್ಲ ಡಯಾನಾ ಅಲ್ಲ, ಹಣೆಯ ಮೇಲೆ ಬಿದಿಗೆ ಚಂದ್ರ ಇದೆಯಾ ನೋಡಬೇಕು. ಡಾಲ್ಫಿನ್ ಮಾತ್ರ ಪೇಚಿಗೆ ಸಿಕ್ಕಿಸುತ್ತದೆ. ಅದು ನೆಪ್ಚೂನ್ ಜೊತೆಗೂ ಇರುತ್ತದೆ, ಸಮುದ್ರದಲ್ಲಿ ಹುಟ್ಟಿದ ವೀನಸ್ ಜೊತೆಗೂ ಇರುತ್ತದೆ.

ಕೈಯಲ್ಲಿರುವುದನ್ನು ನಾನು ಕೊನೆಗೆ ನೋಡುತ್ತೇನೆ. ಬೆರಳು, ಬಿಲ್ಲು, ತ್ರಿಶೂಲ ಎಲ್ಲಕ್ಕಿಂತ ಮೊದಲು ಮುರಿಯುತ್ತವೆ. ಕಾಲಬುಡ ಹಾಗಲ್ಲ. ಗಟ್ಟಿ ಪಿಂಗಾಣಿ ಭಟ್ಟಿಯ ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ. ನಿಂತ ಗೊಂಬೆಗೆ ಆಸರೆ ಬೇಕೆಂದೇ ಕಾಲಿನ ಹಿಂದೆ ಮರದ ಬೊಡ್ಡೆ, ಬಂಡೆ ಅಥವಾ ಪ್ರಾಣಿ ಸೇರಿಸಿರುತ್ತಾರೆ. ಅದು ಮೈಗೆ ಅಂಟಿಕೊಂಡೇ ಬೆಂದಿರುತ್ತದೆ. ಹಾಗಾಗಿ ಸುಲಭಕ್ಕೆ ಹೋಗುವುದಿಲ್ಲ.

ಒಂದು ಗೊಂಬೆಗೆ ವ್ಯಾಪಾರಿ 'ಫ್ಲೋರಾ', ಅಂದರೆ ಹೂವಿನ ದೇವತೆ, ಎಂದು ಚೀಟಿ ಅಂಟಿಸಿದ್ದ. ಬಲಗೈಯಲ್ಲಿ ಹೂಗೊಂಚಲು. ಕಾಲ ಹತ್ತಿರ ಬಾಲ ಮುರಿದ ಹಕ್ಕಿ, ಕತ್ತು ಉದ್ದ. ಬಾತುಕೋಳಿ ಇರಬೇಕು ಅಂದ. ಗೊಂಬೆ ತಿರುಗಿಸಿ ನೋಡಿದೆ. ಮುರಿದ ಬಾಲದ ಬುಡದಲ್ಲಿ ಸಾಸಿವೆಕಾಳಿನಷ್ಟು ಚಿನ್ನದ ಚುಕ್ಕಿ, ಅದರ ಸುತ್ತ ನೀಲಿ ಉಂಗುರ. ನವಿಲುಗಣ್ಣು! ಜೇಬಿನಲ್ಲಿದ್ದ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟೆ. ಮುಂಗೈಯಿಂದ ಮುಂದಕ್ಕೆ ಹೊಳಪೇ ಬೇರೆ. ಅಂದರೆ ಹೂವಿನ ಕೈ ಆಮೇಲೆ ಯಾರೋ ಮಾಡಿ ಅಂಟಿಸಿ ಬಣ್ಣ ಬಳಿದದ್ದು. ಹಳೇ ಮೆರುಗು ಬೆರಳಿಗೆ ತಣ್ಣಗಿರುತ್ತದೆ, ಇದು ಸ್ವಲ್ಪ ಪ್ಲಾಸ್ಟಿಕ್ ಥರ ಇತ್ತು.

ಜೂನೋ ಎಂದು ಗೊತ್ತಾದರೂ ಕೆಲಸ ಮುಗಿಯಲ್ಲ. ಜಾಸ್ತಿ ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಈ ಗೊಂಬೆಗಳನ್ನು ಎಷ್ಟೋ ಸಲ ಗುಂಪು ಗುಂಪಾಗಿ ಮಾಡುತ್ತಿದ್ದರು: ನಾಲ್ಕು ಋತು, ನಾಲ್ಕು ಭೂತ, ನಾಲ್ಕು ಖಂಡ. ಅವರ ಲೆಕ್ಕದಲ್ಲಿ ಆಕಾಶ ಇಲ್ಲ, ಭೂತಗಳು ನಾಲ್ಕೇ. ಭೂತಗಳ ಗುಂಪಿನಲ್ಲಿ ನವಿಲಿನ ಜೂನೋ ಅಂದರೆ ಗಾಳಿ. ಋತುಗಳ ಗುಂಪಿನಲ್ಲಿ ತೆನೆ ಹಿಡಿದ ಸೀರೀಸ್ ಬೇಸಿಗೆ, ದ್ರಾಕ್ಷಿಯ ಬ್ಯಾಕಸ್ ಶರತ್ಕಾಲ. ಹೊದ್ದುಕೊಂಡು ಬೆಂಕಿ ಕಾಯಿಸುವ ಮುದುಕನನ್ನು ಬೆಂಕಿ ನೋಡಿ ಕಮ್ಮಾರ ದೇವರು ವಲ್ಕನ್ ಅನ್ನುವವರಿದ್ದಾರೆ. ಅವನು ಚಳಿಗಾಲ. ವಲ್ಕನ್ ಆಗಿದ್ದರೆ ಸುತ್ತಿಗೆ, ಅಡೆಗಲ್ಲು ಬೇಕಿತ್ತು. ಒಂಟಿ ಗೊಂಬೆ ಸಿಕ್ಕರೆ ಪೀಠ ನೋಡಿ, ಮೋಡ ಇದೆಯೋ, ಅಲೆ ಇದೆಯೋ, ಹುಲ್ಲು ಇದೆಯೋ ಎಂದು. ನನ್ನ ಜೂನೋ ಕಾಲಡಿ ಬೂದುನೀಲಿ ಮೋಡ ಸುರುಳಿ ಸುತ್ತಿಕೊಂಡಿತ್ತು.

ಗೊಂಬೆಯಡಿಯ ನೀಲಿ ಅಡ್ಡಕತ್ತಿಗಳ ಮೈಸನ್ ಗುರುತನ್ನು ಸುಮ್ನೆ ನಂಬಬೇಡಿ. ಅದನ್ನು ನಕಲು ಮಾಡಿದವರು ಬೇಕಾದಷ್ಟು ಜನ. ಪ್ಯಾರಿಸ್ಸಿನ ಸ್ಯಾಮ್ಸನ್ ಅಂಗಡಿಯವರು ಹಳೇ ಪಿಂಗಾಣಿಯ ನಕಲಿಗೇ ಹೆಸರಾದವರು. ಆದರೂ ಒಂದು ಸಮಾಧಾನ: ನಕಲಿಯಲ್ಲೂ ನವಿಲು ನವಿಲೇ. ಯಾರ ಗೊಂಬೆ ಎನ್ನುವುದು ಒಂದು ಪ್ರಶ್ನೆ, ಯಾರು ಮಾಡಿದ್ದು ಎನ್ನುವುದು ಇನ್ನೊಂದು. ದುಡ್ಡು ಕೊಡುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ತಾಳೆ ನೋಡೋಕೆ ಇಲ್ಲಿನ ಜ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹವಿದೆ. ಅಲ್ಲೂ ಮೊದಲು ಬಗ್ಗಿ ಪೀಠವನ್ನೇ ನೋಡಿ.